ಇಪ್ಪತ್ಮೂರು ವರ್ಷ, ಒಂದು ಪುಟ: ಗಂಟಕ್ಕನ ಬಯೋಡೇಟಾ

ಸಮಸ್ತ ನಾಗರಿಕರ ಗಮನಕ್ಕೆ. ಇಂದು ಬೆಳಗಿನ ಜಾವ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಸರಿಯಾಗಿ, ನಾನೂರು ಹಾಸಿಗೆಯ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಒಂದು ದಿಂಬಿನ ಕವರು ಒಳಮೈ ಹೊರಗಾಗಿ ಮಡಚಿಟ್ಟಿರುವುದು ಪತ್ತೆಯಾಗಿರುತ್ತದೆ. ಸದರಿ ಕವರನ್ನು ಕೂಡಲೇ ತಿರುಗಿಸಿ, ಕೊಡವಿ, ಮರಳಿ ಮಡಚಲಾಗಿದ್ದು ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ. ಸಾರ್ವಜನಿಕರು ವದಂತಿಗಳಿಗೆ ಕಿವಿಗೊಡದೆ, ತಮಗೆ ಒಗ್ಗುವ ಮಗ್ಗುಲಿಗೆ ಹೊರಳಿ ನಿದ್ದೆ ಮುಂದುವರಿಸಬೇಕಾಗಿ ಕೋರಿಕೆ.

ಇಂಥ ಪ್ರಕಟಣೆ ಯಾರೂ ಹೊರಡಿಸಲ್ಲ. ದಿಂಬಿನ ಕವರು ಉಲ್ಟಾ ಆದ್ರೆ ಆಕಾಶವೇನೂ ಕಳಚಿ ಬೀಳಲ್ಲ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಆ ಕವರು ತಿರುಗಿಸಿದ ಹೆಂಗಸು ಹಾಗಂದ್ಕೊಂಡಿಲ್ಲ. "ಹೊಲಿಗೆ ಹೊರಗಡೆ ಬಂದ್ರೆ, ಮೂರು ವಾರದಿಂದ ಒಂದೇ ಮಗ್ಗುಲಲ್ಲಿ ಮಲಗಿರೋರ ಕೆನ್ನೆಗೆ ಒತ್ತುತ್ತೆ. ಒತ್ತಿದ್ರೆ ಕೆಂಪಾಗುತ್ತೆ, ಕೆಂಪಾದ್ರೆ ಹುಣ್ಣಾಗುತ್ತೆ, ಆಮೇಲೆ ಡಾಕ್ಟ್ರು ಮುಲಾಮು ಬರೀತಾರೆ. ಕವರು ತಿರುಗ್ಸೋಕೆ ಎರಡು ಸೆಕೆಂಡು," ಅಂತಾರೆ ಅವರು, ಹೇಳ್ತಾ ಹೇಳ್ತಾನೇ ಇನ್ನೊಂದು ಕವರು ತಿರುಗಿಸ್ತಾ.

ಇವರೇ ಗಂಟಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ಮೂರು ವರ್ಷದಿಂದ ಇದ್ದಾರೆ. ದಿನಾ ನೂರಾರು ಗಂಟು ಬಟ್ಟೆ ಬಿಚ್ಚಿ ಕಟ್ಟೋದಕ್ಕೆ ಈ ಹೆಸರು ಬಂತು ಅಂತ ಕೆಲವರು ಹೇಳ್ತಾರೆ. ಮುಖ ಗಂಟಿಕ್ಕಿಕೊಂಡೇ ಇರೋದಕ್ಕೆ ಬಂತು ಅಂತ ಉಳಿದವರು, ಅಂದ್ರೆ ಒಂದ್ಸಲ ಒದ್ದೆ ಟವಲನ್ನ ಒಣ ಬಟ್ಟೆ ಮೇಲೆ ಎಸೆದು ಅವರ ಕೈಗೆ ಸಿಕ್ಕಿಹಾಕ್ಕೊಂಡವರು, ಹೇಳ್ತಾರೆ. ವಯಸ್ಸು ಐವತ್ತೊಂದು. ಮೊಣಕಾಲುದ್ದದ ರಬ್ಬರ್ ಬೂಟು, ಮೊಣಕೈ ದಾಟಿದ ಕೈಗವಸು, ಎದೆ ಮೇಲೆ ಪ್ಲಾಸ್ಟಿಕ್ ಏಪ್ರನ್ನು. ಸೊಂಟದಲ್ಲಿ ಒಂದು ಬಳೆ ತುಂಬ ಬೀಗದ ಕೈಗಳು. ನಡೆದ್ರೆ ಝಲ್ ಝಲ್ ಅನ್ನುತ್ತೆ. ಸದ್ದು ಕೇಳಿದ ಕೂಡ್ಲೇ ಗೋಡೆಗೆ ಒರಗಿ ನಿಂತವರು ನೆಟ್ಟಗಾಗ್ತಾರೆ, ಗೋಡೆ ಕೂಡ ಒಂಚೂರು ನೆಟ್ಟಗಾಗುತ್ತೆ ಅಂತ ಲಾಂಡ್ರಿಯಲ್ಲಿ ಒಂದು ಜೋಕಿದೆ.

ನೆಲಮಾಳಿಗೆಗೆ ಕಿಟಕಿ ಇಲ್ಲ. ಸೂರ್ಯ ಹುಟ್ಟಿದ್ದು ಇಲ್ಲಿ ಗೊತ್ತಾಗೋದು ಮೇಲಿನ ವಾರ್ಡುಗಳಿಂದ ಗಂಟುಗಳು ಬೀಳೋಕೆ ಶುರುವಾದಾಗ. ಗೋಡೆಯೊಳಗೆ ಒಂದು ತಗಡಿನ ಕೊಳವೆ ಇದೆ. ಐದೂ ಮಹಡಿಯ ಮಾಸಿದ ಬಟ್ಟೆ ಅದರೊಳಗೆ ಜಾರಿಕೊಂಡು ಬಂದು ಕೆಳಗಿನ ಕಟ್ಟೆ ಮೇಲೆ ಬೀಳುತ್ತೆ. ಗಂಟಕ್ಕ ಅದಕ್ಕೆ ಬೆನ್ನು ಹಾಕಿ ನಿಂತಿರ್ತಾರೆ. ನೋಡೋದು ಬೇಕಿಲ್ಲ, ಕಿವಿಯೇ ಸಾಕು. ದೊಪ್ಪಂತ ಬಿದ್ರೆ ಒದ್ದೆ ಬಟ್ಟೆ. ಪುಸಕ್ಕಂತ ಬಿದ್ರೆ ಒಣ ಬಟ್ಟೆ. ಬಿದ್ದಾಗ ಒಳಗೆಲ್ಲೋ ಟಣ್ ಅಂದ್ರೆ ಆ ಗಂಟನ್ನ ಯಾರೂ ಮುಟ್ಟೋ ಹಾಗಿಲ್ಲ. ಅದರೊಳಗೆ ಕತ್ತರಿಯೋ ಚಿಮುಟವೋ ಇದೆ, ಅದನ್ನ ಅವರೇ ಬಿಚ್ಚಬೇಕು.

ದಿನಕ್ಕೆ ಸುಮಾರು ಒಂಬೈನೂರ ನಲವತ್ತು ಬೆಡ್‌ಶೀಟು, ಆರುನೂರು ದಿಂಬಿನ ಕವರು, ಆಪರೇಷನ್ ಥಿಯೇಟರಿನ ನೂರಾ ಅರವತ್ತು ಹಸಿರು ಬಟ್ಟೆ. ತೂಕದಲ್ಲಿ ಹತ್ತಿರ ಹತ್ತಿರ ಒಂದು ಟನ್ನು. ತೊಳೆಯೋ ಯಂತ್ರ ಮೂರಿವೆ. ಒಂದು ಕೆಟ್ಟು ನಾಲ್ಕು ವರ್ಷ ಆಯ್ತು, ಅದರ ಹೊಟ್ಟೆಯಲ್ಲಿ ಈಗ ಸೋಪಿನ ಡಬ್ಬಗಳು ವಾಸ ಮಾಡ್ತಿವೆ. ನೀರು ಎಪ್ಪತ್ತೊಂದು ಡಿಗ್ರಿ ಮುಟ್ಟಬೇಕು, ಮುಟ್ಟಿ ಇಪ್ಪತ್ತೈದು ನಿಮಿಷ ಅಲ್ಲೇ ನಿಲ್ಲಬೇಕು. ಎಪ್ಪತ್ತಕ್ಕೆ ನಿಂತ್ರೆ ಪೂರ್ತಿ ಬಟ್ಟೆ ಮತ್ತೆ ಒಳಗೆ. "ಒಂದು ಡಿಗ್ರಿ ತಾನೆ ಅಂತಾರೆ. ಕ್ರಿಮಿಗೆ ಆ ಒಂದು ಡಿಗ್ರೀಲೇ ಮನೆ ಕಟ್ಟೋಕೆ ಜಾಗ ಸಿಗುತ್ತೆ," ಅಂತಾರೆ ಗಂಟಕ್ಕ. ಜೊತೆಗಿರೋ ಎಂಟು ಜನಕ್ಕೆ ಎರಡು ಪಾಳಿ ಹಂಚೋದು, ಸೋಪು ಅಳೆದು ಕೊಡೋದು, ವಾರ್ಡುಗಳಿಗೆ ಎಣಿಸಿ ಕಳಿಸೋದು, ಯಂತ್ರ ಕೂತ್ರೆ ಮೆಕ್ಯಾನಿಕ್ಕನ್ನ ಏಳಿಸೋದು, ಎಲ್ಲ ಇವರದೇ.

ಹಾಗಾದ್ರೆ ಇವರು ಲಾಂಡ್ರಿಯ ಸೂಪರ್‌ವೈಸರ್ರಾ? ಅಲ್ಲ. ಕಾಗದದ ಮೇಲೆ ಗಂಟಕ್ಕ ಹೆಲ್ಪರ್.

ಇದರ ಕಥೆ ಚಿಕ್ಕದು. ಹನ್ನೊಂದು ವರ್ಷದ ಹಿಂದೆ ಆಗಿನ ಸೂಪರ್‌ವೈಸರ್ ರಿಟೈರಾದ್ರು. ಹೋಗೋ ದಿನ ಸಂಜೆ ಬೀಗದ ಕೈ ಬಳೆಯನ್ನ ಗಂಟಕ್ಕನ ಕೈಗಿಟ್ಟು, ಎರಡು ದಿನ ಇಟ್ಕೊಂಡಿರಮ್ಮ, ಹೊಸಬರು ಬರ್ತಾರೆ ಅಂದ್ರು. ಆ ಎರಡು ದಿನ ಇನ್ನೂ ಮುಗಿದಿಲ್ಲ. ಹೊಸಬರನ್ನ ನೇಮಕ ಮಾಡೋದು ಆಫೀಸಿಗೆ ಮರೆತುಹೋಯ್ತು. ಯಾಕೆ ಮರೀತು ಅಂದ್ರೆ ಏನೂ ತೊಂದರೆ ಆಗಲಿಲ್ಲ. ತೊಂದರೆ ಯಾಕೆ ಆಗಲಿಲ್ಲ ಅಂದ್ರೆ ಗಂಟಕ್ಕ ಇದ್ರು. ಒಳ್ಳೆ ಕೆಲಸದ ಶಿಕ್ಷೆ ಅಂದ್ರೆ ಇದು: ಚೆನ್ನಾಗಿ ಮಾಡಿದಷ್ಟೂ ಮಾಡಿದವರು ಯಾರ ಕಣ್ಣಿಗೂ ಬೀಳಲ್ಲ.

ಬಿದ್ದಿದ್ದೆಲ್ಲ ಅವರ ಮೈಮೇಲೇ. ಬಲಗೈ ಮಣಿಕಟ್ಟಿನ ಹತ್ರ ಹಬೆ ಸುಟ್ಟ ಕಲೆ. ಎಡಗಿವಿ ಅರ್ಧ ಮಂದ. ಎರಡು ಸಲ, ಯಾರೋ ಅವಸರದಲ್ಲಿ ಬಟ್ಟೆಯಲ್ಲೇ ಬಿಟ್ಟ ಸೂಜಿ ಕೈಗವಸು ದಾಟಿ ಚುಚ್ಚಿದೆ. ಎರಡೂ ಸಲ ಆರಾರು ತಿಂಗಳು ರಕ್ತ ಪರೀಕ್ಷೆ ಮಾಡಿಸ್ಕೊಂಡು ಕಾದಿದ್ದಾರೆ. ಮೊದಲ ಸಲ ಮನೆಯಲ್ಲಿ ತಮ್ಮ ತಟ್ಟೆ ಲೋಟ ಬೇರೆ ಇಟ್ಟಿದ್ರು. ಬೇರೆ ಇಡೋದು ಬೇಡ ಅಂತ ಡಾಕ್ಟ್ರು ಹೇಳಿದ್ರೂ ಕೇಳಲಿಲ್ಲವಂತೆ. ಗಂಡ ಮೂರನೇ ದಿನ ಅದೇ ಲೋಟದಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ರು. ಅಲ್ಲಿಗೆ ಆ ವಿಷಯ ಮುಗೀತು. ಅವರು ಬಸ್ ಡಿಪೋದಲ್ಲಿ ಬ್ರೇಕ್ ಮೆಕ್ಯಾನಿಕ್ಕು. ಬ್ರೇಕು ಹಿಡಿದ್ರೆ ಅದೂ ಸುದ್ದಿಯಲ್ಲ. ಹಾಗಾಗಿ ಊಟದ ಹೊತ್ತಲ್ಲಿ ಈ ದಂಪತಿ ಇವತ್ತೇನಾಯ್ತು ಅಂತ ಒಬ್ಬರನ್ನೊಬ್ಬರು ಕೇಳ್ತಾರೆ, ಏನೂ ಆಗಿಲ್ಲ ಅಂತ ಇಬ್ಬರೂ ಹೇಳ್ತಾರೆ, ಹೇಳಿ ಇಬ್ಬರೂ ಖುಷಿಯಾಗ್ತಾರೆ.

ಹೀಗೇ ನಡೀತಿರುವಾಗ ಈ ವರ್ಷ ಆಸ್ಪತ್ರೆಗೆ ತಪಾಸಣೆಯವರು ಬಂದ್ರು. ಲಾಂಡ್ರಿ ನೋಡಿ ಮೆಚ್ಚಿದ್ರು, ಕೊನೆಗೆ ಸೂಪರ್‌ವೈಸರ್ ಯಾರು ಅಂತ ಕೇಳಿದ್ರು. ಆಫೀಸಿನವರು ಫೈಲು ತೆಗೆದು ನೋಡಿ ಬೆಚ್ಚಿದ್ರು. ಹನ್ನೊಂದು ವರ್ಷದಿಂದ ಕುರ್ಚಿ ಖಾಲಿ. ಮಾರನೇ ವಾರ ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟಿತು: ಲಾಂಡ್ರಿ ಮೇಲ್ವಿಚಾರಕರ ಒಂದು ಖಾಲಿ ಹುದ್ದೆಗೆ ಒಳಗಿನವರು ಹೊರಗಿನವರು ಯಾರು ಬೇಕಾದ್ರೂ ಅರ್ಜಿ ಹಾಕಬಹುದು, ಬಯೋಡೇಟಾ ಒಂದೇ ಪುಟ, ಸಾಧನೆಗಳನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಗಂಟಕ್ಕ ಆ ಕಾಗದದ ಮುಂದೆ ನಿಂತು ಪೂರ್ತಿ ಓದಿದ್ರು. ಬೇರೆಯವರು ಬಂದ್ರೆ ಏನಾಗುತ್ತೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬೀಗದ ಕೈ ಕೊಡಬೇಕು. ಕೊಟ್ಟ ಮೇಲೆ ಬಂದವರಿಗೆ ಕೆಲಸಾನೂ ತಾವೇ ಕಲಿಸಬೇಕು. ಕಲಿತ ಮೇಲೆ ಅವರು ಇವರಿಗೆ ಹೇಗೆ ಮಡಚಬೇಕು ಅಂತ ಹೇಳ್ತಾರೆ. "ಎಪ್ಪತ್ತು ಡಿಗ್ರಿ ಸಾಕು ಅಂತ ಯಾರೋ ಬಂದು ಅಂದ್ರೆ, ಹೂಂ ಅನ್ನೋಕೆ ನನ್ ಕೈಲಾಗಲ್ಲ. ಹೆಲ್ಪರ್ರು ಉಹೂಂ ಅನ್ನೋಕೂ ಆಗಲ್ಲ," ಅಂತಾರೆ. ಅದೇ ದಿನ ಅರ್ಜಿ ಫಾರಂ ತಂದ್ರು.

ಫಾರಂ ತುಂಬಿದ್ದು ಲಾಂಡ್ರಿಯ ಇಸ್ತ್ರಿ ಮೇಜಿನ ಮೇಲೆ. ಹೆಸರು, ವಯಸ್ಸು, ಸೇರಿದ ದಿನ, ಎಲ್ಲ ಸಲೀಸು. ಆಮೇಲೆ ಬಂತು 'ಸಾಧನೆಗಳು' ಅನ್ನೋ ಕಾಲಂ. ಗಂಟಕ್ಕ ಒಂದು ಕ್ಷಣವೂ ಯೋಚಿಸದೆ, ದುಂಡಗೆ, ಹೆಮ್ಮೆಯಿಂದ ಬರೆದ್ರು: ಏನೂ ಆಗಿಲ್ಲ.

ನಗಬೇಡಿ. ಲಾಂಡ್ರಿಯಲ್ಲಿ ಪಾಳಿ ಮುಗಿದಾಗ ರಿಜಿಸ್ಟರಿನಲ್ಲಿ ಒಂದು ಸಾಲು ಬರೀಬೇಕು. ಯಂತ್ರ ಕೆಟ್ರೆ ಕೆಟ್ಟಿತು ಅಂತ, ಬಟ್ಟೆ ಕಳೆದ್ರೆ ಕಳೆಯಿತು ಅಂತ. ಎಲ್ಲ ಸರಿಯಾಗಿದ್ರೆ 'ಏನೂ ಆಗಿಲ್ಲ' ಅಂತ. ಆ ನೆಲಮಾಳಿಗೆಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ. ಒಂದು ವಾರ ಪೂರ್ತಿ 'ಏನೂ ಆಗಿಲ್ಲ' ಬಿದ್ರೆ ಎಲ್ಲರಿಗೂ ಬನ್ನು ಹಂಚ್ತಾರೆ. ಗಂಟಕ್ಕ ತಮ್ಮ ಇಪ್ಪತ್ಮೂರು ವರ್ಷಕ್ಕೆ ತಮಗೆ ಗೊತ್ತಿರೋ ಅತಿ ದೊಡ್ಡ ಬಿರುದು ಕೊಟ್ಕೊಂಡಿದ್ರು.

ಆಫೀಸಿನ ಕ್ಲಾರ್ಕಿಗೆ ಈ ಭಾಷೆ ಬರಲ್ಲ. ಅವರನ್ನ ಎಲ್ಲರೂ ರೂಲ್ಸಣ್ಣ ಅಂತಾರೆ. ಕೆಟ್ಟವರಲ್ಲ. ನಿಯಮ ಇದ್ರೆ ಸ್ವಂತ ತಮ್ಮನ ರಜೆ ಅರ್ಜಿಯನ್ನೂ ವಾಪಸ್ ಕಳಿಸೋರು, ನಿಯಮ ಇದ್ರೆ ವೈರಿಗೂ ಕುರ್ಚಿ ಹಾಕೋರು. ಅವರು ಫಾರಂ ಓದಿ, ಕನ್ನಡಕ ಹಣೆಗೇರಿಸಿ, ಸಾಧನೆ ಏನೂ ಆಗಿಲ್ಲ ಅಂತ ನೀವೇ ಬರ್ಕೊಂಡಿದ್ದೀರಲ್ಲಮ್ಮ, ಮತ್ತೆ ಅರ್ಜಿ ಯಾಕೆ ಅಂತ ಕೇಳಿದ್ರು. ಕೇಳಿದ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾದ ಮರುಕ ಇತ್ತು. ಗಂಟಕ್ಕನಿಗೆ ಉರಿದಿದ್ದು ಅದಕ್ಕೇ. ಕೊನೇ ತಾರೀಕಿಗೆ ಇನ್ನೂ ಒಂಬತ್ತು ದಿನ ಇದೆಯಲ್ಲ ಅಂತ ಕೇಳಿ, ಫಾರಂ ಕಿತ್ಕೊಂಡು ಹೊರಟ್ರು.

ಹೋಗಿದ್ದು ನಾದಿನಿಯ ಹತ್ರ. ಗಂಡನ ತಂಗಿ ಬಸ್ ನಿಲ್ದಾಣದ ಎದುರು ಝೆರಾಕ್ಸು ಮತ್ತು ಟೈಪಿಂಗ್ ಅಂಗಡಿ ಇಟ್ಟಿದ್ದಾರೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಫ್ಯಾನು ಹಾಕಿದ್ರೆ ಹಾರಿಹೋಗೋ ಕಾಗದಗಳು, ಆದ್ದರಿಂದ ಹಾಕದ ಫ್ಯಾನು. ಊರಿನ ಅರ್ಧ ನಿರುದ್ಯೋಗ ಈ ಅಂಗಡಿಯ ಬಾಗಿಲಲ್ಲೇ ಕ್ಯೂ ನಿಲ್ಲುತ್ತೆ. ನಾದಿನಿಯ ಕಂಪ್ಯೂಟರಿನಲ್ಲಿ ಒಂದು ರೆಡಿಮೇಡ್ ಬಯೋಡೇಟಾ ಇದೆ. ಹೆಸರು ಬದಲಾಯಿಸಿ ಪ್ರಿಂಟ್ ಒತ್ತೋದು ಅಷ್ಟೇ. ಹಾಗಾಗಿ ಊರಿನ ಡ್ರೈವರು, ನರ್ಸು, ಅಕೌಂಟೆಂಟು ಎಲ್ಲರೂ ಶ್ರಮಜೀವಿಗಳು, ಸಮಯಪಾಲಕರು, ಒತ್ತಡದಲ್ಲೂ ನಗುವವರು. ಎಲ್ಲರ ಹವ್ಯಾಸವೂ ಓದುವುದು ಮತ್ತು ಸಂಗೀತ ಕೇಳುವುದು. ಒಂದೇ ಅಳತೆಯ ಅಂಗಿಯನ್ನ ಇಡೀ ಊರಿಗೆ ತೊಡಿಸಿದ ಹಾಗೆ.

ಗಂಟಕ್ಕನಿಗೂ ಅದೇ ಅಂಗಿ ತೊಡಿಸೋಕೆ ನಾದಿನಿ ಹೊರಟ್ರು. ಹವ್ಯಾಸ ಏನು ಹಾಕ್ಲಿ ಅತ್ತಿಗೆ ಅಂದ್ರು. "ಹವ್ಯಾಸ ಅಂದ್ರೆ ಟೈಮ್ ಸಿಕ್ಕಾಗ ಮಾಡೋದು ತಾನೆ? ಕೂತ್ಕೊಳ್ಳೋದು ಅಂತ ಹಾಕು." ಶ್ರಮಜೀವಿ ಅಂತ ಟೈಪು ಮಾಡಿದಾಗ ಅದನ್ನೂ ಅಳಿಸು ಅಂದ್ರು. ಯಾರು ತಾನೇ ನಾನು ಸೋಮಾರಿ ಅಂತ ಬರ್ಕೋತಾರೆ, ಎಲ್ಲರೂ ಹೇಳೋದನ್ನೇ ನಾನೂ ಹೇಳಿದ್ರೆ ಏನೂ ಹೇಳಿದ ಹಾಗಾಗಲಿಲ್ಲ ಅನ್ನೋದು ಅವರ ವಾದ. ಹನ್ನೆರಡು ವರ್ಷದಿಂದ ಬಯೋಡೇಟಾ ಟೈಪಿಸ್ತಿರೋ ನಾದಿನಿಗೆ ಮೊದಲ ಬಾರಿ ಬಯೋಡೇಟಾ ಅಂದ್ರೇನು ಅನ್ನೋ ಅನುಮಾನ ಬಂತು.

ಅನುಮಾನ ಒಳ್ಳೇದೇ ಮಾಡಿತು. ಅವತ್ತು ಅಂಗಡಿ ಬೇಗ ಬಾಗಿಲು ಹಾಕಿ, ನಾದಿನಿ ಅತ್ತಿಗೆಯ ಹಿಂದೆ ಲಾಂಡ್ರಿಗೇ ಬಂದ್ರು. ಇಷ್ಟು ವರ್ಷದ ನೆಂಟಸ್ತಿಕೆಯಲ್ಲಿ ಮೊದಲ ಸಲ. ಮೂಗು ಮುಚ್ಕೊಂಡು ಒಳಗೆ ಬಂದವರು ಹತ್ತು ನಿಮಿಷಕ್ಕೆ ಮೂಗಿನ ವಿಷಯ ಮರೆತ್ರು. "ಅತ್ತಿಗೆ, ನೀವು ಏನೇನು ಮಾಡ್ತೀರ ಅಂತ ಹೇಳ್ಬೇಡಿ. ಅದು ಕೆಲಸ. ನೀವಿಲ್ದೆ ಇದ್ದಿದ್ರೆ ಏನಾಗ್ತಿತ್ತು ಅಂತ ಹೇಳಿ. ಅದು ಸಾಧನೆ," ಅಂದ್ರು.

ಗಂಟಕ್ಕನಿಗೆ ಆ ಪ್ರಶ್ನೆ ಹೊಸದು. ಮೂಲೆಯ ಕಬ್ಬಿಣದ ಬೀರು ತೆಗೆದು ಹನ್ನೊಂದು ಉದ್ದನೆ ಪುಸ್ತಕಗಳನ್ನ ತಂದು ಮೇಜಿನ ಮೇಲೆ ಹಾಕಿದ್ರು. 'ಸಿಕ್ಕ ಸಾಮಾನು' ಅಂತ ರಟ್ಟಿನ ಮೇಲೆ ಅವರದೇ ಕೈಬರಹ. ಮಾಸಿದ ಬಟ್ಟೆಯಲ್ಲಿ ಏನು ಸಿಕ್ಕಿತು, ಯಾವ ವಾರ್ಡು, ಯಾವತ್ತು, ಯಾರಿಗೆ ವಾಪಸ್ಸು, ತಗೊಂಡವರ ಸಹಿ. ಇದನ್ನ ಇಡಿ ಅಂತ ಯಾರೂ ಹೇಳಿರಲಿಲ್ಲ.

ನಾದಿನಿ ಮೂರು ಸಂಜೆ ಕೂತು ಎಣಿಸಿದ್ರು. ಕತ್ತರಿ, ಚಿಮುಟ, ರಕ್ತನಾಳ ಅದುಮಿ ಹಿಡಿಯೋ ಕ್ಲಾಂಪು ಸೇರಿ ಇನ್ನೂರ ಹನ್ನೆರಡು. ಕಿವಿಯ ಯಂತ್ರ ಮೂವತ್ತೊಂದು. ಮದುವೆ ಉಂಗುರ ಒಂಬತ್ತು. ಮೊಬೈಲು ನಲವತ್ತನಾಲ್ಕು, ಅದರಲ್ಲಿ ಎರಡು ಚೆನ್ನಾಗಿ ತೊಳೆದದ್ದು. ಹಲ್ಲಿನ ಸೆಟ್ಟು ಹದಿನೇಳು; ಹದಿನಾರು ವಾಪಸ್ಸಾಗಿವೆ, ಹದಿನೇಳನೇದರ ಮಾಲೀಕರು ಅದು ನನ್ನದಲ್ಲ ಅಂತ ಬಾಯಿ ಮುಚ್ಕೊಂಡೇ ಹೇಳಿ ಹೋಗಿದ್ದಾರೆ.

ಆರು ವರ್ಷದ ಹಿಂದಿನ ಒಂದು ಪುಟದ ಹತ್ರ ನಾದಿನಿಯ ಬೆರಳು ನಿಂತಿತು. 'ಒಂದು ಕ್ಲಾಂಪು, ಥಿಯೇಟರ್ ಎರಡು, ನಾಲ್ಕು ನಿಮಿಷ, ವಾಪಸ್. ಏನೂ ಆಗಿಲ್ಲ.' ಈ ನಾಲ್ಕು ನಿಮಿಷ ಏನು ಅಂತ ಕೇಳಿದ್ರು. ಗಂಟಕ್ಕ ಬೆಡ್‌ಶೀಟು ಮಡಚ್ತಾನೇ ಹೇಳಿದ್ರು. ಮೇಲೆ ಆಪರೇಷನ್ ಮುಗಿದು ಹೊಟ್ಟೆ ಹೊಲಿಯೋ ಮುಂಚೆ ಸಾಮಾನು ಎಣಿಸಿದ್ರೆ ಒಂದು ಕ್ಲಾಂಪು ಕಮ್ಮಿ. ಒಳಗೇ ಉಳೀತಾ ಅಂತ ಎಲ್ಲರ ಮುಖ ಬಿಳಿಚಿಕೊಂಡಿದೆ. ಇನ್ನೊಂದ್ಸಲ ಕೈ ಹಾಕಿ ಹುಡುಕೋಕೆ ಡಾಕ್ಟ್ರು ತಯಾರಾಗಿದ್ದಾರೆ. ನರ್ಸು ಕೆಳಗೆ ಫೋನ್ ಮಾಡಿದ್ಲು. ಅಷ್ಟರಲ್ಲಿ ಥಿಯೇಟರಿನ ಹನ್ನೊಂದು ಗಂಟು ಕೊಳವೆಯಲ್ಲಿ ಬಂದಾಗಿತ್ತು. ಆದ್ರೆ ಮೂರನೇದು ಬೀಳುವಾಗ ಟಣ್ ಅಂದಿತ್ತು, ಅದನ್ನ ಗಂಟಕ್ಕ ಆಗಲೇ ಪಕ್ಕಕ್ಕೆ ಎಳೆದಿಟ್ಟಿದ್ರು. ಬಿಚ್ಚಿದ್ರು, ಕ್ಲಾಂಪು ತಗೊಂಡು ಮೂರು ಮಹಡಿ ಹತ್ತಿದ್ರು.

"ಡಾಕ್ಟ್ರು ಏನಂದ್ರು?"

"ಬಾಗ್ಲು ಹಾಕಿದ್ರು. ಒಳಗೆ ಕೆಲ್ಸ ಇತ್ತಲ್ಲ."

ನಾದಿನಿ ಉತ್ಸಾಹ ತಡೀಲಾರದೆ 'ಜೀವ ಉಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಪ್ರಮುಖ ಪಾತ್ರ' ಅಂತ ಬರೆದ್ರು. ಗಂಟಕ್ಕ ಓದಿ ಅಡ್ಡಗೆರೆ ಎಳೆದ್ರು. "ಶಸ್ತ್ರಚಿಕಿತ್ಸೆ ಮಾಡಿದ್ದು ಡಾಕ್ಟ್ರು. ನಾನು ಗಂಟು ಬಿಚ್ಚಿ ಕ್ಲಾಂಪು ಹುಡುಕ್ದೆ, ನಾಲ್ಕು ನಿಮಿಷದಲ್ಲಿ. ಅಷ್ಟೇ ಬರಿ. ಅದು ಕಮ್ಮಿ ಏನಲ್ಲ." ಹಾಗಂದ್ರೆ ವಿನಯ ಅಂತ ತಿಳೀಬೇಡಿ. ಮರುಕ್ಷಣವೇ ನಾದಿನಿ ಒಂದು ಕಡೆ 'ನೆರವಾದೆ' ಅಂತ ಹಾಕಿದ್ದಕ್ಕೂ ಅಡ್ಡಗೆರೆ ಬಿತ್ತು. ಪಾಳಿ ಹಂಚೋಕೆ ನೆರವಾಗಿದ್ದಲ್ಲ, ಹಂಚಿದ್ದು. "ಉಬ್ಬಿಸೋದೂ ಬೇಡ, ಕುಗ್ಗಿಸೋದೂ ಬೇಡ. ಬಟ್ಟೆ ಕುಗ್ಗಿದ್ರೆ ತಪ್ಪು ನಂದು ಅಂತ ಒಪ್ಕೋತೀನಿ. ನನ್ನ ಕುಗ್ಗಿಸಿದ್ರೆ ತಪ್ಪು ಯಾರದು?"

ಇಬ್ಬರ ನಡುವೆ ಜಗಳ ಆಗಿದ್ದು ಇನ್ನೊಂದು ವಿಷಯಕ್ಕೆ. ಗಂಟಕ್ಕ ಎಲ್ಲದಕ್ಕೂ 'ನಾವು ಮಾಡಿದ್ವಿ' ಅಂತಿದ್ರು. ಬಯೋಡೇಟಾ ನಿಮ್ಮೊಬ್ಬರದು, ಇಡೀ ಲಾಂಡ್ರಿಗೆ ಕೆಲಸ ಕೊಡಲ್ಲ ಅಂತ ನಾದಿನಿ. ಡಬಲ್ ಬೆಡ್‌ಶೀಟು ಒಬ್ಬರೇ ಮಡಚಿ ತೋರ್ಸು ನೋಡೋಣ ಅಂತ ಅತ್ತಿಗೆ. ನಾದಿನಿ ಹಟಕ್ಕೆ ಬಿದ್ದು ಪ್ರಯತ್ನಿಸಿ, ಬೆಡ್‌ಶೀಟಿನೊಳಗೆ ತಾವೇ ಒಂದು ಗಂಟಾದ್ರು. ಕೊನೆಗೆ ರಾಜಿಯಾಯ್ತು: ಕೈ ಎಂಟು ಜನರದು, ತೀರ್ಮಾನ ಒಬ್ಬರದು ಅನ್ನೋ ಕಡೆ ಮಾತ್ರ 'ನಾನು'. ಹಾಗೆ ಹುಡುಕಿದ್ರೆ ಅಂಥವೂ ಬೇಕಾದಷ್ಟು ಸಿಕ್ಕವು. ಗಾಜಿನ ಮೇಜಿನ ಕೆಳಗೆ ದೀಪ ಇಟ್ಟು ಥಿಯೇಟರ್ ಬಟ್ಟೆಯ ತೂತು ಹುಡುಕೋ ಉಪಾಯ ಅವರದು. ಮುಂಚೆ ಎಂಟು ಬೆಡ್‌ಶೀಟಿಗೆ ಒಂದು ಮತ್ತೆ ತೊಳೆಯೋಕೆ ಬರ್ತಿತ್ತು, ಈಗ ಮೂವತ್ತಕ್ಕೆ ಒಂದು. ಹರಿದ ಬೆಡ್‌ಶೀಟಿನಿಂದ ವರ್ಷಕ್ಕೆ ಎಂಟುನೂರು ದಿಂಬಿನ ಕವರು.

ಎಲ್ಲ ಸೇರಿ ಒಂದು ಪುಟ. ಬಣ್ಣ ಇಲ್ಲ, ಅಂಚು ಇಲ್ಲ, ವಿಶೇಷಣ ಒಂದೂ ಇಲ್ಲ. ಪ್ರತಿ ಸಾಲಿನಲ್ಲೂ ಒಂದು ಕ್ರಿಯೆ, ಒಂದು ಅಂಕಿ. ಮೊದಲ ಸಾಲು ಹೀಗಿತ್ತು: 'ಹನ್ನೊಂದು ವರ್ಷದಿಂದ ಲಾಂಡ್ರಿ ನಡೆಸುತ್ತಿದ್ದೇನೆ. ಒಂದು ದಿನವೂ ಯಾವ ವಾರ್ಡಿಗೂ ಬೆಡ್‌ಶೀಟು ತಪ್ಪಿಲ್ಲ.' ಸಾಕ್ಷಿ ಇಲ್ಲದ ಅಂಕಿ ಬರೀ ಜಂಬ ಅಂತ ನಾದಿನಿ ಹನ್ನೊಂದು ವರ್ಷದ ಪಾಳಿ ಪಟ್ಟಿ, ವಾರ್ಡು ಸಿಸ್ಟರುಗಳ ಸಹಿ ಇರೋ ಲೆಕ್ಕ, ಸಿಕ್ಕ ಸಾಮಾನಿನ ಪುಟಗಳು, ಎಲ್ಲ ಝೆರಾಕ್ಸು ಮಾಡಿ ಲಗತ್ತಿಸಿದ್ರು. ಅಂಗಡಿಯ ಟೋನರು ಮುಗಿದು ಹೊಸದು ಹಾಕಬೇಕಾಯ್ತು. ರೂಲ್ಸಣ್ಣ ಕಟ್ಟನ್ನ ಎರಡು ಕೈಯಲ್ಲಿ ಎತ್ತಿ ತಗೊಂಡ್ರು, ಪೂರ್ತಿ ತಿರುವಿ ಹಾಕಿದ್ರು, ಈ ಸಲ ಮರುಕ ತೋರಿಸಲಿಲ್ಲ.

ಮೂರು ವಾರಕ್ಕೆ ಉತ್ತರ ಬಂತು. ಆಫೀಸಿನ ಭಾಷೆಯಲ್ಲೇ ಓದಿಕೊಳ್ಳಿ, ಅದರ ಸವಿ ಬೇರೆ ಭಾಷೆಯಲ್ಲಿ ಸಿಗಲ್ಲ: 'ತಮ್ಮ ಅರ್ಜಿ ಹಾಗೂ ಲಗತ್ತುಗಳನ್ನು ಪರಿಶೀಲಿಸಲಾಗಿ, ತಾವು ಕಳೆದ ಹನ್ನೊಂದು ವರ್ಷಗಳಿಂದ ಲಾಂಡ್ರಿ ಮೇಲ್ವಿಚಾರಕರ ಸಕಲ ಕರ್ತವ್ಯಗಳನ್ನು ಸಮರ್ಪಕವಾಗಿ ನಿರ್ವಹಿಸುತ್ತಿರುವುದು ನಿಸ್ಸಂಶಯವಾಗಿ ಸಾಬೀತಾಗಿರುತ್ತದೆ. ನಿಯಮ ಹದಿನಾಲ್ಕರ ಪ್ರಕಾರ, ಒಂದು ಹುದ್ದೆಯನ್ನು ನಿರ್ವಹಿಸುತ್ತಿರುವವರು ಅದೇ ಹುದ್ದೆಗೆ ಅರ್ಜಿ ಸಲ್ಲಿಸಲು ಅವಕಾಶವಿಲ್ಲ. ಆದ್ದರಿಂದ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಕೆಳಗೆ ಸಹಿ, ಸಹಿಯ ಮೇಲೆ ದುಂಡನೆ ಸೀಲು.

ಹುದ್ದೆ ಹೊರಗಿನವರೊಬ್ಬರಿಗೆ ಹೋಗಿತ್ತು, ಸೋಮವಾರ ಬಂದು ಸೇರಬೇಕಿತ್ತು. ಹೋಟೆಲೊಂದರಲ್ಲಿ ಸ್ವಾಗತದ ಮೇಜು ನೋಡ್ಕೊಳ್ಳುತ್ತಿದ್ದವರು. ಅವರ ಬಯೋಡೇಟಾದಲ್ಲಿ ಬೆಡ್‌ಶೀಟು ಅನ್ನೋ ಪದವೇ ಇರಲಿಲ್ಲ, 'ಲಿನನ್ ಮ್ಯಾನೇಜ್‌ಮೆಂಟ್' ಅಂತ ಇತ್ತಂತೆ. ನಾದಿನಿ ಅಂಗಡಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತ್ರು. ನಾನು ಸ್ವಲ್ಪ ಕೆಟ್ಟದಾಗಿ ಬರೆದಿದ್ರೆ ಅತ್ತಿಗೆಗೆ ಕೆಲಸ ಸಿಕ್ತಿತ್ತು ಅನ್ನೋ ಕೊರಗು. ಲಾಂಡ್ರಿಯಲ್ಲಿ ಎಂಟು ಜನ ಒಂದು ಪಾಳಿ ಕೆಲಸ ನಿಲ್ಲಿಸೋಣ ಅಂದ್ರು. ಗಂಟಕ್ಕ ಒಪ್ಪಲಿಲ್ಲ. "ಸಿಟ್ಟು ಆಫೀಸಿನ ಮೇಲೆ. ಬೆಡ್‌ಶೀಟು ಇಲ್ದೆ ಮಲಗೋರು ಬೇರೆಯವ್ರು." ಆಮೇಲೆ ಪತ್ರವನ್ನ ಗಾಜಿನ ಮೇಜಿನ ಮೇಲೆ ಹರಡಿ, ಕೆಳಗಿನ ದೀಪ ಹಾಕಿ, ಥಿಯೇಟರ್ ಬಟ್ಟೆ ನೋಡೋ ಹಾಗೇ ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದ್ರು. ಮೂರು ಸಲ. ಮೂರನೇ ಸಲಕ್ಕೆ ಮುಖದ ಗಂಟು ಬಿಚ್ಚಿತು ಅಂತ ಕಂಡವರು ಹೇಳ್ತಾರೆ. ಪತ್ರ ಮಡಚಿ ಏಪ್ರನ್ನಿನ ಜೇಬಿಗಿಟ್ಕೊಂಡು, ಸೋಮವಾರ ಬರಲಿ ಅಂದ್ರು.

ಸೋಮವಾರ ಬರುತ್ತೆ. ಬೆಳಗ್ಗೆ ಹತ್ತು ಗಂಟೆ. ಹೊಸಬರು ಇಸ್ತ್ರಿ ಮಾಡಿದ ಅಂಗಿ, ಹೊಳೆಯೋ ಬೂಟು ಹಾಕ್ಕೊಂಡು ಒದ್ದೆ ನೆಲದ ಮೇಲೆ ಹುಷಾರಾಗಿ ಬರ್ತಾರೆ. ಜೊತೆಗೆ ರೂಲ್ಸಣ್ಣ. ಗಂಟಕ್ಕ ಎದ್ದು ನಿಲ್ತಾರೆ, ಹೊಸಬರಿಗೆ ಕುರ್ಚಿ ಒರೆಸಿ ಹಾಕ್ತಾರೆ, ನೀರು ಕೊಡ್ತಾರೆ. ಬೀಗದ ಕೈ ಕೊಟ್ಬಿಡಿಮ್ಮ ಅಂತಾರೆ ರೂಲ್ಸಣ್ಣ. ಗಂಟಕ್ಕ ಬಳೆಯನ್ನ ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಡ್ತಾರೆ. ಇವತ್ತು ಎರಡೂ ಪಾಳಿಯವರು ಬಂದಿದ್ದಾರೆ, ಎಂಟೂ ಜನ ಕೆಲಸ ಬಿಟ್ಟು ನೋಡ್ತಿದ್ದಾರೆ.

ಹೊಸಬರು ಬಳೆಗೆ ಕೈ ಚಾಚಿದವರು ಅರ್ಧದಲ್ಲೇ ನಿಲ್ಲಿಸ್ತಾರೆ. ಹೋಟೆಲಿನಲ್ಲಿ ಪಳಗಿದವರು, ಪಾಪ, ಜಾಗ್ರತೆಯ ಮನುಷ್ಯ. ಬೀರುಗಳಲ್ಲಿ ಆರು ಸಾವಿರ ಬಟ್ಟೆ ಇದೆಯಂತೆ, ನಾಳೆ ಒಂದು ಕಮ್ಮಿಯಾದ್ರೆ ನನ್ನ ತಲೆಗೆ ಬರುತ್ತೆ, ಜವಾಬ್ದಾರಿ ಬರೆದು ಒಪ್ಪಿಸೋ ಚಾರ್ಜ್ ಫಾರಂ ಇಲ್ಲದೆ ನಾನು ಮುಟ್ಟಲ್ಲ ಅಂತಾರೆ. ಅದು ನ್ಯಾಯ, ನಿಯಮವೂ ಹೌದು ಅಂತ ರೂಲ್ಸಣ್ಣ ಖುಷಿಯಿಂದ ಫೈಲಿನಿಂದ ಫಾರಂ ತೆಗೀತಾರೆ. ಚಾರ್ಜ್ ಕೊಡುವವರ ಹೆಸರು. ಗಂಟಕ್ಕ ಬರೀತಾರೆ. ಚಾರ್ಜ್ ಕೊಡುವವರ ಹುದ್ದೆ. ಗಂಟಕ್ಕ ಪೆನ್ನು ಎತ್ತಿ, ಏನು ಬರೀಲಿ ಅಂತ ಕೇಳ್ತಾರೆ.

ಹೆಲ್ಪರ್ ಅನ್ನೋಕೆ ರೂಲ್ಸಣ್ಣ ಬಾಯಿ ತೆರೆದವರು, ತೆರೆದ ಬಾಯನ್ನ ಹಾಗೇ ಇಟ್ಕೋತಾರೆ. ಹೆಲ್ಪರ್ ಆದವರು ಸೂಪರ್‌ವೈಸರ್ ಚಾರ್ಜ್ ಕೊಡೋ ಹಾಗಿಲ್ಲ. ನಿಯಮ ಇದೆ. ಇಲ್ಲದ ಚಾರ್ಜನ್ನ ಯಾರಾದ್ರೂ ಹೇಗೆ ಕೊಡ್ತಾರೆ? ಗಂಟಕ್ಕ ಜೇಬಿನಿಂದ ಪತ್ರ ತೆಗೆದು, ಮಡಿಕೆ ಬಿಡಿಸಿ, ಸೀಲು ಮೇಲೆ ಬರೋ ಹಾಗೆ ಮೇಜಿನ ಮೇಲಿಡ್ತಾರೆ. ಆಮೇಲೆ ಆ ಕಾಲಂನಲ್ಲಿ ದುಂಡಗೆ ಬರೀತಾರೆ: ಮೇಲ್ವಿಚಾರಕಿ. ಸಾಬೀತಾಗಿದೆ ಅಂತ ಆಫೀಸೇ ಬರೆದಿರೋವಾಗ ಬೇರೆ ಬರೆದ್ರೆ ಸುಳ್ಳು ಬರೆದ ಹಾಗಾಗಲ್ವಾ ಅಂತ ಕೇಳ್ತಾರೆ.

ಮುಂದಿನ ಕಾಲಂ: ಹುದ್ದೆಯಿಂದ ಬಿಡುಗಡೆಯಾದ ಆದೇಶದ ಸಂಖ್ಯೆ.

ಗಂಟಕ್ಕ ರಿಟೈರಾಗಿಲ್ಲ. ರಾಜೀನಾಮೆ ಕೊಟ್ಟಿಲ್ಲ. ವರ್ಗ ಆಗಿಲ್ಲ. ಆ ಹುದ್ದೆಗೆ ಸೇರಿಸ್ಕೊಳ್ಳೋಕೆ ಆದೇಶ ಹೊರಡಿಸದ ಆಫೀಸು ಬಿಡಿಸೋಕೆ ಎಲ್ಲಿಂದ ಹೊರಡಿಸುತ್ತೆ? ರೂಲ್ಸಣ್ಣ ಫೈಲು ಮುಂದಿನಿಂದ ಹಿಂದಕ್ಕೆ ತಿರುವಿ, ಹಿಂದಿನಿಂದ ಮುಂದಕ್ಕೆ ತಿರುವಿ, ಕನ್ನಡಕ ಒರೆಸ್ಕೋತಾರೆ. ಒಂದು ಕಾಲಂ ಖಾಲಿ ಇದ್ರೆ ಚಾರ್ಜ್ ಫಾರಂ ಅಸಿಂಧು. ಇದೂ ನಿಯಮವೇ, ಇದನ್ನ ಟೈಪ್ ಮಾಡಿಸಿದ್ದು ಅವರೇ. ಫಾರಂ ಅಸಿಂಧು ಅಂದ್ರೆ ಹುದ್ದೆ ಖಾಲಿ ಆಗಿಲ್ಲ. ಖಾಲಿ ಆಗದ ಹುದ್ದೆಗೆ ನೇಮಕ ಆದವರು ನೀರಿನ ಲೋಟ ಮೇಜಿನ ಮೇಲಿಟ್ಟು, ಹಾಗಾದ್ರೆ ನಾನು ಎಲ್ಲಿ ಕೂರಲಿ ಅಂತ ಕೇಳ್ತಾರೆ. ಅದಕ್ಕೆ ನಿಯಮ ಇಲ್ಲ.

ಕೊಳವೆ ಹತ್ರ ನಿಂತವರಲ್ಲಿ ಯಾರೋ ಕಿಸಕ್ಕನೆ ನಗ್ತಾರೆ. ಗಂಟಕ್ಕ ಅತ್ತ ಒಂದು ಸಲ ನೋಡಿದ್ದಕ್ಕೆ ನಗು ಅರ್ಧಕ್ಕೇ ನಿಲ್ಲುತ್ತೆ. ರೂಲ್ಸಣ್ಣ ತುಂಬ ಹೊತ್ತು ಯೋಚಿಸಿ, ಪತ್ರವನ್ನ ಇನ್ನೊಮ್ಮೆ ಓದಿ, ಇದನ್ನ ಮೇಲಿನವರಿಗೆ ಬರೆದು ಕೇಳಬೇಕು, ಉತ್ತರ ಬರೋವರೆಗೂ ಹೊಸಬರು ಚಾರ್ಜ್ ತಗೊಳ್ಳೋ ಹಾಗಿಲ್ಲ ಅಂತಾರೆ. ಮೇಲಿನವರ ಉತ್ತರ ಎಷ್ಟು ದಿನಕ್ಕೆ ಬರುತ್ತೆ ಅಂತ ಯಾರೂ ಕೇಳಲ್ಲ.

"ಅಲ್ಲೀವರ್ಗೂ ಇಲ್ಲಿ ಸೂಪರ್‌ವೈಸರ್ ಯಾರು?" ಅಂತ ಗಂಟಕ್ಕ ಕೇಳ್ತಾರೆ.

ರೂಲ್ಸಣ್ಣ ಫಾರಂ ನೋಡ್ತಾರೆ, ಪತ್ರ ನೋಡ್ತಾರೆ, ಎಂಟು ಜನರನ್ನ ನೋಡ್ತಾರೆ. "ನಿಯಮದ ಪ್ರಕಾರ ನೀವೇ ಅಲ್ವೇನಮ್ಮ."

ಗಂಟಕ್ಕ ಕೈಗವಸು ಕಳಚಿ, ಪೆನ್ನನ್ನ ತಿರುಗಿಸಿ ಅವರ ಕಡೆಗೆ ಹಿಡೀತಾರೆ.

"ಅದನ್ನೂ ಬರ್ದು ಕೊಡಿ. ಸೀಲು ಮರೀಬೇಡಿ."